ಮಾವನ ಕಾರಿನೊಳಕ್ಕೆ ಬಂದ ಬ್ಯಾಟರಿ

ಮಾವನ ಮುಂದೆ ಸೊಸೆ ಎಷ್ಟು ದೂರದಲ್ಲಿ ನಿಲ್ಲಬೇಕು, ಸೆರಗು ಎಲ್ಲಿರಬೇಕು, ದನಿ ಎಷ್ಟಿರಬೇಕು ಎಂಬುದನ್ನೆಲ್ಲ ನಮ್ಮಮ್ಮ ಮದುವೆಗೆ ಮುಂಚೆಯೇ ನನಗೆ ಅಚ್ಚುಕಟ್ಟಾಗಿ ಹೇಳಿಕೊಟ್ಟಿದ್ದಳು. ಆದರೆ ಎರಡೇ ಸೀಟಿರುವ, ತಲೆಯ ಮೇಲೆ ಸೂರಿಲ್ಲದ, ಕೂತರೆ ರಸ್ತೆಯೇ ಕುಂಡೆಗೆ ತಗುಲುತ್ತದೇನೋ ಅನ್ನಿಸುವ ಸ್ಪೋರ್ಟ್ಸ್ ಕಾರಿನಲ್ಲಿ ಮಾವನ ಪಕ್ಕ ಕೂತು ತುಮಕೂರಿನ ಪೇಟೆಬೀದಿ ಹಾಯುವಾಗ ಸೊಸೆಯಾದವಳು ಏನು ಮಾಡಬೇಕು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಪಾಪ, ಯಾರಿಗೆ ಗೊತ್ತಿರುತ್ತದೆ? ಜಿಲ್ಲೆಯಲ್ಲಿ ಅಂಥ ಕಾರು ಇದ್ದದ್ದೇ ಅದೊಂದು. ಅಂಥ ಮಾವ ಇದ್ದದ್ದೂ ಅವರೊಬ್ಬರೇ.

ಮಾವ ಕುಣಿಗಲ್ಲಿನಲ್ಲಿ ಕುದುರೆ ಡಾಕ್ಟರಾಗಿದ್ದವರು. ಬೆಂಗಳೂರಿನ ರೇಸಿನ ಸಾಹುಕಾರರೊಬ್ಬರ ಹೆಣ್ಣು ಕುದುರೆ ಮರಿ ಹಾಕಲಾರದೆ ಒದ್ದಾಡುತ್ತಿದ್ದಾಗ ಇವರು ತಾಯಿ ಮರಿ ಎರಡನ್ನೂ ಉಳಿಸಿಕೊಟ್ಟರಂತೆ. ಆ ಸಾಹುಕಾರರು ದೇಶ ಬಿಟ್ಟು ಹೋಗುವಾಗ ಆ ಉಪಕಾರ ನೆನೆದು ತಮ್ಮ ಕೆಂಪು ಕಾರನ್ನು ಇವರ ಬಾಗಿಲಿಗೆ ತಂದು ನಿಲ್ಲಿಸಿ ಹೋದರು. ಪೆನ್ಷನ್ ಆದಮೇಲೆ ಮಾವ, ಅತ್ತೆ, ಕಾರು ಮೂವರೂ ತುಮಕೂರಿನ ನಮ್ಮ ಮನೆಗೆ ಬಂದರು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಅತ್ತೆ ಆ ಕಾರಿನಲ್ಲಿ ಒಂದು ಸಲ ಕೂತು, "ಬದುಕಿರೋರ್ನ ಕೂರ್ಸೋ ಸೀಟಲ್ಲ ಇದು, ಹೋದೋರ್ನ ಮಲಗ್ಸೋದು" ಎಂದು ಇಳಿದುಬಿಟ್ಟವರು ಮತ್ತೆ ಹತ್ತಲಿಲ್ಲ. ನಮ್ಮವರು ಬ್ಯಾಂಕಿನಲ್ಲಿದ್ದರು; ಕೂತು ತಿನ್ನುವ ಕೆಲಸಕ್ಕೆ ತಕ್ಕ ಮೈಕಟ್ಟು. ಅವರು ಹತ್ತಿದರೆ ಇಳಿಸಲು ಇನ್ನೊಬ್ಬರು ಬೇಕಾಗುತ್ತಿತ್ತು. ಹೀಗಾಗಿ ಎರಡನೆಯ ಸೀಟು ನನ್ನ ಪಾಲಿಗೆ ಬಂತು. ನಾನು ಗುಬ್ಬಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಮಾವನಿಗೆ ಗುಬ್ಬಿ, ಚೇಳೂರಿನ ಕಡೆ ದಿನವೂ ಯಾವುದಾದರೊಂದು ಹಸುವೋ ಎಮ್ಮೆಯೋ ಕಾಯಿಲೆ ಬಿದ್ದು ಕಾಯುತ್ತಿರುತ್ತಿತ್ತು. ರೇಸಿನ ಕುದುರೆಯನ್ನು ಮಾತಾಡಿಸುವಷ್ಟೇ ಗೌರವದಿಂದ ಅವರು ಎಮ್ಮೆಯನ್ನೂ ಮಾತಾಡಿಸುತ್ತಿದ್ದರು ಎಂದು ಆ ಕಡೆಯ ರೈತರಿಗೆ ಅವರ ಮೇಲೆ ಬಹಳ ವಿಶ್ವಾಸ. "ದಾರಿ ಮೇಲೇ ಸ್ಕೂಲು, ಬಾಮ್ಮ" ಎಂದು ಮಾವ ಕರೆದರು. ಬೇಡ ಎನ್ನುವುದು ಹೇಗೆಂದು ಗೊತ್ತಿಲ್ಲದೆ ನಾನು ಹತ್ತಿದೆ.

ತುಮಕೂರಿನಿಂದ ಗುಬ್ಬಿಯವರೆಗೆ ನಾವು ಮಾತಾಡುತ್ತಿರಲಿಲ್ಲ. ಅವರು ಕೇಳಿದರೆ "ಹ್ಞೂಂ ಮಾವ", ಕೇಳದಿದ್ದರೆ ಅದೂ ಇಲ್ಲ. ನಾನು ಎಡಗಡೆಯ ತೆಂಗಿನ ಮರಗಳನ್ನು ನೋಡುತ್ತಿದ್ದೆ, ಅವರು ರಸ್ತೆ ನೋಡುತ್ತಿದ್ದರು. ಗಾಳಿಗೆ ಹಾರುವ ಸೆರಗನ್ನು ಹಿಡಿದುಕೊಳ್ಳುವುದೇ ನನಗೊಂದು ಉದ್ಯೋಗವಾಗಿತ್ತು. ಇಂಥ ನೆಮ್ಮದಿಯ ಮೌನದೊಳಕ್ಕೆ ಬ್ಯಾಟರಿ ಬಂತು.

ಅದುವರೆಗೆ ಬ್ಯಾಟರಿ ಎಲ್ಲ ಕಾರುಗಳಲ್ಲಿ ಇರುವಂತೆ ಬಾನೆಟ್ಟಿನ ಕೆಳಗೇ ಇತ್ತು. ಅದು ಕೂರುವ ತಗಡಿನ ತಟ್ಟೆ ಆಸಿಡ್ಡಿಗೆ ಸವೆದು ತುಕ್ಕು ಹಿಡಿದು, ಒಂದು ದಿನ ಬೆಳ್ಳಾವಿಯ ಕಡೆ ಯಾವುದೋ ಹಳ್ಳದಲ್ಲಿ ಕಾರು ಎಗರಿದಾಗ ತಟ್ಟೆಯೂ ಬ್ಯಾಟರಿಯೂ ಒಟ್ಟಿಗೆ ರಸ್ತೆಗೆ ಬಿದ್ದವು. ಅದೇ ಅಳತೆಯ ವಿಲಾಯಿತಿ ಬ್ಯಾಟರಿ ನಮ್ಮ ದೇಶದಲ್ಲಿ ಸಿಗುತ್ತಿರಲಿಲ್ಲ. ಸಿಗುವುದು ಆ ಜಾಗದಲ್ಲಿ ಹಿಡಿಸುತ್ತಿರಲಿಲ್ಲ. ಮಾವ ಕಾರನ್ನು ಖಲೀಲ್ ಸಾಬರ ಹತ್ತಿರ ತಳ್ಳಿಸಿಕೊಂಡು ಹೋದರು. ಪೇಟೆಯಲ್ಲಿ ಬಸ್ಸು ಲಾರಿಗಳ ವೈರಿಂಗ್ ಮಾಡುವ ಖಲೀಲ್ ಸಾಬರಿಗೂ ಮಾವನಿಗೂ ಎಂಥ ಸ್ನೇಹವೆಂದರೆ, ಇಬ್ಬರೂ ಸೇರಿದರೆ ಕೆಲಸಕ್ಕಿಂತ ಮಾತೇ ಜಾಸ್ತಿ. ಇಬ್ಬರೂ ಬೆಳಗಿನಿಂದ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದರು. ಡಿಕ್ಕಿಯಲ್ಲಿ ಇಡೋಣವೆಂದರೆ ಅಲ್ಲಿ ಪೆಟ್ರೋಲ್ ಟ್ಯಾಂಕು, ಸ್ಟೆಪ್ನಿ.

"ಒಳೀಕೇ ಇಟ್ಬಿಡಾಣ ಡಾಕ್ಟ್ರೇ," ಎಂದರು ಖಲೀಲ್ ಸಾಬರು. "ಸೀಟಿನ ಹಿಂದ್ಗಡೆ ಜಾಗ ಅದೆ. ಉದ್ದ ಕೇಬಲ್ ಎಳ್ದು ಕೊಡ್ತೀನಿ. ಎಂಜಿನ್ ಬಿಸಿ ತಾಕಲ್ಲ, ಗಾಳಿ ಬೆಳಕು ಬರ್ತದೆ, ಬ್ಯಾಟ್ರಿ ರಾಜನಂಗಿರ್ತದೆ."

"ಯಾವ ಸೀಟಿನ ಹಿಂದೆ?"

"ನಿಮ್ಮ ಹಿಂದೆ ಬೇಡಿ, ನೀವು ಸೀಟು ಹಿಂದಕ್ಕೆ ತಳ್ಕಂಡು ಕೂರೋರು. ಆ ಕಡೆ ಸೀಟಿನ ಹಿಂದೆ ಇಡಾಣ."

ಆ ಕಡೆಯ ಸೀಟು ಎಂದರೆ ನಾನು. ನನ್ನ ಬೆನ್ನಿಗೆ ಸರಿಯಾಗಿ, ಅಂಬಾಸಿಡರ್ ಕಾರಿಗೆ ಹಾಕುವಂಥ ಕರಿಯ ಬ್ಯಾಟರಿಯೊಂದು ಮರದ ಚೌಕಟ್ಟಿನಲ್ಲಿ ಬಂದು ಕೂತಿತು. ಅಲುಗದ ಹಾಗೆ ಮಾವ ಅದಕ್ಕೆ ಕುದುರೆಯ ಜೀನು ಬಿಗಿಯುವ ಚರ್ಮದ ಪಟ್ಟಿ ಕಟ್ಟಿದರು. ಖಲೀಲ್ ಸಾಬರು ಮುಚ್ಚಳವೊಂದು ಮಾಡಿಸಿ ಎಂದರು. ಮಾವ, ಮಾಡಿಸಿದರೆ ಒಳ್ಳೆಯ ತೇಗದ್ದೇ ಮಾಡಿಸಬೇಕೆಂದು, ಒಳ್ಳೆಯ ತೇಗ ಸಿಗುವ ತನಕ ಇರಲಿ ಎಂದು ಒಂದು ಹಳೆಯ ಕಂಬಳಿಯನ್ನು ಮಡಿಸಿ ಹೊದಿಸಿದರು. ಚಳಿಗೆ ಮಲಗಿದ ಕೂಸಿನ ಹಾಗಿತ್ತು ಅದು. ಮಾವ ಬೆಳಿಗ್ಗೆ ಕಂಬಳಿ ಸರಿಸಿ ಡಿಸ್ಟಿಲ್ಡ್ ವಾಟರ್ ಹುಯ್ಯುವುದನ್ನು ನೋಡಿ ಅತ್ತೆ, "ಮನೇಲಿ ಮೊಮ್ಮಗು ಇಲ್ಲ ಅನ್ನೋ ಕೊರತೆ ತೀರ್ತು" ಎಂದು ನನಗೆ ಕೇಳುವ ಹಾಗೆ ಅಂದರು.

ನನ್ನ ಸಂಕಟ ಅಲ್ಲಿಂದ ಶುರುವಾಯಿತು. ಹಾರಿದ ಸೆರಗು ಹೋಗಿ ಬ್ಯಾಟರಿಯ ಮೇಲೆ ಕೂರುತ್ತಿತ್ತು. ಆ ದಿನ ಏನೂ ಕಾಣುವುದಿಲ್ಲ. ಒಗೆದು ಒಣಹಾಕಿದಾಗ ನೂಲಿನ ಸೀರೆಯ ಸೆರಗು ಜರಡಿಯಾಗಿರುತ್ತದೆ. ಅತ್ತೆ ಇಲಿಯನ್ನು ಬೈದರು, ಅಗಸಗಿತ್ತಿಯನ್ನು ಬೈದರು. ಇದು ಗಂಧಕಾಮ್ಲದ ಕೆಲಸ ಎಂದು ನನಗೆ ಗೊತ್ತಿತ್ತು. ಒಂಬತ್ತನೆಯ ಕ್ಲಾಸಿಗೆ ಅದನ್ನು ಬೋರ್ಡಿನ ಮೇಲೆ ಸಮೀಕರಣ ಸಮೇತ ಬರೆದು ತೋರಿಸಬಲ್ಲೆ. ಮಾವನಿಗೆ ಹೇಳುವುದು ಹೇಗೆ? "ಮಾವ, ನಿಮ್ಮ ಬ್ಯಾಟರಿ ನನ್ನ ಸೀರೆ ತಿಂತಿದೆ" ಎಂಬ ವಾಕ್ಯವನ್ನು ಎಷ್ಟೋ ದಿನ ಮನಸ್ಸಿನಲ್ಲೇ ತಯಾರು ಮಾಡಿಕೊಂಡು ಹೋಗಿ, ಗುಬ್ಬಿಯಲ್ಲಿ ಹಾಗೇ ವಾಪಸು ನುಂಗಿಕೊಂಡು ಇಳಿದಿದ್ದೇನೆ. ನಲವತ್ತು ಹುಡುಗಿಯರನ್ನು ಒಂದೇ ಗದರಿಕೆಗೆ ಸುಮ್ಮನಾಗಿಸುತ್ತಿದ್ದ ಹೆಂಗಸು ನಾನು. ಸ್ಕೂಲಿನ ಗೇಟು ದಾಟುವ ತನಕ ಆ ಹೆಂಗಸು ಎಲ್ಲಿರುತ್ತಿದ್ದಳೋ ಗೊತ್ತಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ ಅತ್ತೆ ಚೇಳೂರಿನಲ್ಲಿದ್ದ ತಮ್ಮ ತಂಗಿಗೆ ಕೊಡಲೆಂದು ಒಂದು ದೊಡ್ಡ ಸ್ಟೀಲಿನ ಡಬ್ಬಿಯ ತುಂಬ ಕೋಡುಬಳೆ ಕಳಿಸಿದರು. ನನ್ನ ಮಡಿಲಲ್ಲಿ ಉತ್ತರ ಪತ್ರಿಕೆಗಳ ಕಟ್ಟು, ಅದರ ಮೇಲೆ ಛತ್ರಿ.

"ಡಬ್ಬಿ ಹಿಂದಕ್ಕಿಡಮ್ಮ, ಕಂಬಳಿ ಮೇಲೆ," ಎಂದರು ಮಾವ.

"ಮಾವ, ಸ್ಟೀಲು..."

ಎಂಜಿನ್ನಿನ ಸದ್ದಿಗೆ ಅವರಿಗೆ ಪೂರ್ತಿ ಕೇಳಿಸಲಿಲ್ಲ. "ಏನಮ್ಮ?"

"ಏನಿಲ್ಲ ಮಾವ," ಎಂದು ಡಬ್ಬಿಯನ್ನು ಕಂಬಳಿಯ ಮೇಲೆ ಇಟ್ಟೆ.

ದಾರಿಯುದ್ದಕ್ಕೂ ಒಂದು ಕೈಯನ್ನು ಹಿಂದಕ್ಕೆ ಚಾಚಿ ಡಬ್ಬಿಯನ್ನು ಹಿಡಿದುಕೊಂಡೇ ಕೂತಿದ್ದೆ. ಗುಬ್ಬಿಯ ಬಸ್ ಸ್ಟ್ಯಾಂಡಿನ ಹತ್ತಿರ ಸೌದೆ ಗಾಡಿಯೊಂದು ಅಡ್ಡ ಬಂತು, ಮಾವ ಬ್ರೇಕು ತುಳಿದರು, ನಾನು ಉತ್ತರ ಪತ್ರಿಕೆ ಜಾರದಂತೆ ಎರಡೂ ಕೈಯಲ್ಲಿ ಹಿಡಿದೆ. ಕಂಬಳಿ ಸರಿಯಿತು. ಡಬ್ಬಿ ಅಡ್ಡ ಬಿದ್ದು ಬ್ಯಾಟರಿಯ ಪ್ಲಸ್ ಮೈನಸ್ ಎರಡೂ ತುದಿಗಳಿಗೆ ಒಟ್ಟಿಗೆ ತಗುಲಿಕೊಂಡಿತು. ಚಟಚಟನೆ ಕಿಡಿ ಎದ್ದಿತು. ಉಣ್ಣೆ ಸುಟ್ಟ ವಾಸನೆ ಬಂತು. ಕಾರು ಗಕ್ಕನೆ ನಿಂತಿತು. ಮಾವ ತಿರುಗಿ ನೋಡಿದರು. ಹೆದರಲಿಲ್ಲ, ಹಟ ಮಾಡುವ ಕುದುರೆಯನ್ನು ನೋಡುವ ಹಾಗೆ ಒಂದು ಕ್ಷಣ ನೋಡಿ, ಬರಿಗೈಯನ್ನು ಆ ಡಬ್ಬಿಯತ್ತ ಚಾಚಿದರು. ಅವರ ಮಣಿಕಟ್ಟಿನಲ್ಲಿ ಸ್ಟೀಲಿನ ಪಟ್ಟಿಯ ವಾಚಿತ್ತು.

"ಕೈ ತೆಗಿಯೋ! ಇಳಿಯೋ ಕೆಳಕ್ಕೆ!"

ಯಾರು ಕೂಗಿದ್ದು ಎಂದು ನಾನೂ ಒಂದು ಗಳಿಗೆ ಸುತ್ತ ನೋಡಬೇಕೆನ್ನುವಷ್ಟರಲ್ಲಿ ಮಾವ ಬಾಗಿಲು ತೆಗೆದು ರಸ್ತೆಯಲ್ಲಿ ನಿಂತಿದ್ದರು. ನಾನೂ ಹಾರಿ ಇಳಿದೆ. ಛತ್ರಿಯನ್ನು ತಿರುಗಿಸಿ ಬಟ್ಟೆಯ ಕಡೆ ಹಿಡಿದು, ಬೆತ್ತದ ಕೊಕ್ಕೆಯಿಂದ ಡಬ್ಬಿಯನ್ನು ಎಳೆದು ಹಾಕಿದೆ. ಕೋಡುಬಳೆಗಳು ರಸ್ತೆ ತುಂಬ ಉರುಳಿದವು. ಹೊಗೆಯಾಡುತ್ತಿದ್ದ ಕಂಬಳಿಯನ್ನು ಅದೇ ಕೊಕ್ಕೆಯಿಂದ ಎಳೆದು ಬಿಸಾಕಿದೆ; ಟೀ ಅಂಗಡಿಯವನು ಓಡಿಬಂದು ಅದರ ಮೇಲೆ ಕೊಡ ಬೋರಲು ಹಾಕಿದ.

ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ಬಂದು ಸುತ್ತುವರಿದಿದ್ದರು. ಅಮೃತೂರಿನ ಕಡೆಯಿಂದ ಬಂದಿದ್ದ ಪ್ರೈವೇಟ್ ಬಸ್ಸಿನ ಕಂಡಕ್ಟರೊಬ್ಬ ಮಾವನನ್ನು ಮೇಲೆ ಕೆಳಗೆ ನೋಡಿ ನನ್ನನ್ನು ಕೇಳಿದ: "ನಿಮ್ಮ ಡ್ರೈವರ್ರಾ ಅಮ್ಮಾವ್ರೇ? ಪಾಪ, ವಯಸ್ಸಾದೋನು, ಹಂಗೆ ಬೈಬ್ಯಾಡಿ, ಬುಡಿ."

ನಾನು ಭೂಮಿ ಬಾಯ್ಬಿಡಬಾರದೇ ಎಂದು ನಿಂತಿದ್ದೆ. ಮಾವ ಪೇಟ ಸರಿಮಾಡಿಕೊಂಡು, ಕೈ ಕಟ್ಟಿ, "ಹೊಸದಾಗಿ ಸೇರ್ಕಂಡಿದೀನಿ ಕಣಪ್ಪ. ಇನ್ನೂ ಕೆಲಸ ಸರಿಯಾಗಿ ಬರಲ್ಲ," ಎಂದರು.

ಸುದ್ದಿ ನನಗಿಂತ ಮುಂಚೆ ಬಸ್ಸು ಹತ್ತಿ ತುಮಕೂರಿಗೆ ಹೋಗಿತ್ತು. ಸಂಜೆ ಮನೆಗೆ ಬರುವಷ್ಟರಲ್ಲಿ ಅತ್ತೆ ಹಜಾರದ ಕಂಬಕ್ಕೆ ಒರಗಿ ಕೂತಿದ್ದರು. "ಮಾವನ್ನ ಹೋಗೋ ಬಾರೋ ಅಂದ್ಯಂತೆ, ಊರೋರ ಮುಂದೆ. ಕೆಲಸಕ್ಕೆ ಕಳಿಸಿದ್ದು ಇದಕ್ಕೇನಾ? ನಾಳೆಯಿಂದ ಮನೇಲೇ ಇರು." ನಾನು ನಮ್ಮವರ ಮುಖ ನೋಡಿದೆ. ಅವರು ಬಹಳ ಯೋಚನೆ ಮಾಡಿ, "ಕೂಗಿದ್ರೂ ಸ್ವಲ್ಪ ಮೆಲ್ಲಗೆ ಕೂಗ್ಬೋದಿತ್ತು" ಎಂದು ತೀರ್ಪು ಕೊಟ್ಟರು. ಅಳು ಬಂತು. ಕೆಲಸ ಹೋಗುವುದಕ್ಕೆ ಮಾತ್ರ ಅಲ್ಲ. ಈ ಮನೆಯಲ್ಲಿ ಇಷ್ಟು ವರ್ಷ ನಾನು ತಗ್ಗಿಸಿ ತಗ್ಗಿಸಿ ಇಟ್ಟುಕೊಂಡಿದ್ದ ದನಿಗೆ ಯಾವ ಬೆಲೆಯೂ ಇಲ್ಲದೆ ಹೋಯಿತಲ್ಲ, ಒಂದು ಸಲ ಎತ್ತಿದ್ದೇ ಎಲ್ಲರಿಗೂ ಕೇಳಿಸಿತಲ್ಲ ಎಂದು.

ಆಗ ಮಾವ ಒಳಗೆ ಬಂದರು. ಅತ್ತೆಗೆ ಏನೂ ಹೇಳಲಿಲ್ಲ. ನನ್ನ ಎದುರು ಬೆಂಚಿನ ಮೇಲೆ ಕೂತರು.

"ಹೊರಡೋವಾಗ ನೀನು ಸ್ಟೀಲು ಅಂತ ಏನೋ ಹೇಳಕ್ಕೆ ಬಂದೆ, ಅಲ್ವೇನಮ್ಮ?"

"ಹ್ಞೂಂ ಮಾವ."

"ಯಾಕೆ ನಿಲ್ಲಿಸ್ದೆ?"

ನಾನು ಸೆರಗಿನ ತೂತೊಂದನ್ನು ಬೆರಳಲ್ಲಿ ಮುಚ್ಚಿಕೊಂಡೆ.

"ಕುದುರೆ ಒದೆಯೋಕೆ ಮುಂಚೆ ಕಿವಿ ಹಿಂದಕ್ಕೆ ಹಾಕ್ತದೆ," ಎಂದರು ಮಾವ. "ಅದನ್ನ ನೋಡ್ಕಂಡೇ ನಾನು ಅನ್ನ ತಿಂದೋನು. ಪಕ್ಕದಲ್ಲೇ ಕೂತಿರೋ ಮನುಷ್ಯರದ್ದು ನೋಡ್ಲಿಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿ, "ಅವಳು ಕೂಗಿದ್ದಕ್ಕೆ ಈ ಕೈ ಇದೆ. ನಾಳೆ ಸ್ಕೂಲಿಗೆ ನಾನೇ ಬಿಡ್ತೀನಿ," ಎಂದು ಎದ್ದು ಕಾಲು ತೊಳೆಯಲು ಹೋದರು.

ಊಟಕ್ಕೆ ಬಡಿಸುವಾಗ ಅತ್ತೆ, "ಇಳೀರಿ ಅನ್ನೋದಕ್ಕೆ ಎಷ್ಟೊತ್ತಾಗ್ತದೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಮನಸ್ಸಿನಲ್ಲೇ ಎರಡನ್ನೂ ಹೇಳಿ ನೋಡಿದೆ. ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಹಾಗಿದ್ದರೂ ಯಾಕೆ ಬರಲಿಲ್ಲ? ಚಿಕ್ಕಂದಿನಲ್ಲಿ ನನ್ನ ತಮ್ಮ ಬಾವಿಕಟ್ಟೆ ಹತ್ತಿದಾಗ ನಾನು ಹೀಗೇ ಕೂಗುತ್ತಿದ್ದೆ. ಮರ್ಯಾದೆಯ ಮಾತನ್ನೆಲ್ಲ ಕಲಿತದ್ದು ಆಮೇಲೆ. ಜೀವ ಹೋದೀತು ಎಂದು ಹೆದರಿದಾಗ ಮನುಷ್ಯ ತನ್ನವರನ್ನು ಬಹುವಚನದಲ್ಲಿ ಹಿಡಿದೆಳೆಯಲಾರ. ಇದನ್ನು ಅತ್ತೆಗೆ ಹೇಳಲಿಲ್ಲ. ಸಾರು ಬಡಿಸಿಕೊಂಡೆ.

ತೇಗವೂ ಬೇಡ ಏನೂ ಬೇಡವೆಂದು ಆ ವಾರವೇ ಹಲಸಿನ ಹಲಗೆಯ ಮುಚ್ಚಳ ಬಂತು. ಮೊದಲು ಮಾವ ನನ್ನನ್ನು ಕೇಳಿ ಅಳತೆ ಕೊಟ್ಟರು. ಗಾಳಿಯಾಡಲು ತೂತು ಎಲ್ಲಿರಬೇಕೆಂದು ನಾನು ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಸೀರೆಯ ವಿಷಯವೂ ಹೇಳಿದೆ. ಅವರು ಪೆಚ್ಚಾಗಿ, "ಎಷ್ಟು ಸೀರೆ?" ಎಂದು ಕೇಳಿದರು. ಅಲ್ಲಿಂದ ಕಾರಿನಲ್ಲಿ ಮಾತು ಶುರುವಾಯಿತು. ಕುದುರೆಗೆ ಹೊಟ್ಟೆನೋವು ಬಂದರೆ ಏನು ಮಾಡುತ್ತದೆ, ಹೆಡ್‌ಮೇಡಂ ಯಾಕೆ ಹಾಗೆ ಆಡುತ್ತಾರೆ, ಅತ್ತೆ ಮದುವೆಯಾದ ಹೊಸದರಲ್ಲಿ ಹೇಗಿದ್ದರು, ಎಲ್ಲ. ಗುಬ್ಬಿ ಇಷ್ಟು ಹತ್ತಿರವಿದೆಯೆಂದು ನನಗೆ ಮೊದಲು ಗೊತ್ತಿರಲಿಲ್ಲ.

ಎಂಬತ್ತರ ದಶಕ ಶುರುವಾಗಿ ಸ್ವಲ್ಪ ಕಾಲವಾದ ಮೇಲೆ ಒಂದು ಬೆಳಿಗ್ಗೆ, ಎತ್ತು ಬಿಚ್ಚಿ ರಸ್ತೆಯ ಪಕ್ಕ ನಿಲ್ಲಿಸಿದ್ದ ಖಾಲಿ ಗಾಡಿಯ ಹಿಂದೆ ಮಾವ ಕಾರು ನಿಲ್ಲಿಸಿ ಹಾರನ್ ಹೊಡೆದರು. ಅದು ದಾರಿ ಬಿಡಲಿ ಎಂದು ಕಾದರು. ಮತ್ತೆ ಹೊಡೆದರು. ನಾನು ಗಾಡಿಯನ್ನು ನೋಡಿದೆ, ಅವರನ್ನು ನೋಡಿದೆ. ಅವರ ಕಣ್ಣಿಗೆ ಪೊರೆ ಬಂದಿತ್ತು. ಅದು ಬಲಿತಮೇಲೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಮಾವ," ಎಂದೆ ಮೆಲ್ಲಗೆ, "ಇನ್ನು ಮೇಲೆ ನೀವು ಓಡಿಸಬೇಡಿ."

ಅವರು ಎಂಜಿನ್ ಆರಿಸಿದರು. "ಆವತ್ತು ಬೈದಂಗೆ ಬೈದಿದ್ರೆ ಚೆನ್ನಾಗಿತ್ತು ಕಣಮ್ಮ," ಎಂದರು. "ಇಷ್ಟು ಮರ್ಯಾದೆಯಾಗಿ ಹೇಳಿದ್ರೆ, ನಿಜ ಅನ್ನಿಸ್ಬಿಡ್ತದೆ."

ಹೀಗೆ ನಾನು ಡ್ರೈವಿಂಗ್ ಕಲಿತೆ. ಕಲಿತೆ ಎಂದರೆ, ಖಲೀಲ್ ಸಾಬರು ಕಲಿಸಿದರು, ರಸ್ತೆ ಪಕ್ಕದ ರಾಗಿ ಹೊಲದವರು ಸಹಿಸಿಕೊಂಡರು. ಲೈಸೆನ್ಸ್ ಬಂದಮೇಲೆ ಮೊದಲ ಸಲ ಮಾವನನ್ನು ಬ್ಯಾಟರಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಗುಬ್ಬಿಗೆ ಹೊರಟೆ. ಲಾರಿಗಳ ಎದುರು, ಎಮ್ಮೆಗಳ ನಡುವೆ ನಾನು ಬೆವರುತ್ತ ಓಡಿಸುತ್ತಿದ್ದರೆ ಮಾವ ಕಣ್ಣು ಮುಚ್ಚಿಕೊಂಡು ಶಾಂತವಾಗಿ ಒರಗಿದ್ದರು. ನನಗೆ ಹೆಮ್ಮೆ ತಡೆಯಲಾಗಲಿಲ್ಲ.

"ನನ್ನ ಡ್ರೈವಿಂಗ್ ಮೇಲೆ ಅಷ್ಟು ನಂಬಿಕೆ ಬಂತಾ ಮಾವ?"

"ನಂಬಿಕೆ ಏನ್ ಬಂತು," ಎಂದರು ಅವರು ಕಣ್ಣು ತೆರೆಯದೆ. "ನನಗೆ ಬಿಟ್ಕಂಡ್ರೂ ಅಷ್ಟೇ, ಮುಚ್ಕಂಡ್ರೂ ಅಷ್ಟೇ. ಮುಚ್ಕಂಡ್ರೆ ಎದೆಗೆ ಒಳ್ಳೇದು."

ಅವರು ಹೇಳಿದ್ದು ತಮ್ಮ ಕಣ್ಣಿನ ಮಾತೋ, ನನ್ನ ಡ್ರೈವಿಂಗಿನ ಮಾತೋ? ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಎದುರಿಗೊಂದು ಬಸ್ಸು ಬಂತು. ನಾನು ಹಾರನ್ ಹೊಡೆಯಲು ಹೋಗಿ, ಆ ಬಿರುಬಿಸಿಲಿನಲ್ಲಿ ವೈಪರ್ ಹಾಕಿದೆ.