ಹನುಮಪ್ಪನ ಹೂವಿಗೆ ಕಾಕಾನ ಸಾಕ್ಷಿ

ದೇವರು ಖುದ್ದಾಗಿ ಕಲಬುರಗಿಯ ಬ್ರಹ್ಮಪುರಕ್ಕೆ ಬಂದು ನಮ್ಮ ಕಾಕಾನ ಮನೆಯ ಬಾಗಿಲು ಬಡಿದನೆನ್ನಿ, ಏನಾಗುತ್ತದೆ? ಹೊಸ್ತಿಲಲ್ಲೇ ನಿಲ್ಲಿಸಿ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ! ಫೋಟೋಗಳೇನೋ ದೇವರಿಗೆ ಬೇಕಾದಷ್ಟಿವೆ. ಒಂದರಂತೆ ಇನ್ನೊಂದಿಲ್ಲ ಎಂಬುದೇ ಕಾಕಾನ ತಕರಾರು. ವಿಜ್ಞಾನದ ಮಾಸ್ತರಾಗಿ ನಿವೃತ್ತರಾದವರು ನೋಡಿ, ಅವರಿಗೆ ಎಲ್ಲಕ್ಕೂ ಪುರಾವೆ ಬೇಕು.

ಒಮ್ಮೆ ತೊಗರಿ ಬೇಳೆ ತರಲು ನೆಹರು ಗಂಜ್ ಮಾರ್ಕೆಟ್ಟಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. "ದೇವರಾಣಿ ಸರ್, ಹೊಸಾ ಬ್ಯಾಳಿ. ಒಂದು ಕುದಿಗೇ ಬೇಯ್ತದ" ಎಂದ ಅಂಗಡಿಯವನು. ಕಾಕಾನಿಗೆ ಅಷ್ಟು ಸಾಕಾಯಿತು!

"ದೇವರು ಇರಲಿ ಬಿಡಪ್ಪಾ. ಬೇಯ್ಸಿ ತೋರಸು."

ಪಕ್ಕದ ಚಹಾದಂಗಡಿಯ ಒಲೆಯ ಮೇಲೆ ಒಂದು ಹಿಡಿ ಬೇಳೆ ಏರಿಯೇಬಿಟ್ಟಿತು. ಕಾಕಾ ಅದನ್ನು ಬೆರಳಲ್ಲಿ ಹಿಚುಕಿ, "ಹೂಂ, ಈಗ ನಂಬಿದೆ" ಎಂದು ಬರೀ ಕಾಲು ಕಿಲೋ ಕಟ್ಟಿಸಿಕೊಂಡರು. ಆ ಪಾತ್ರೆಯಲ್ಲಿ ಆಮೇಲೆ ಕಾಸಿದ ಚಹಾ ಕುಡಿದವರ ಪಾಡು ನನ್ನನ್ನು ಕೇಳಬೇಡಿ!

ಇಂಥವರ ಹೆಂಡತಿ ನಮ್ಮ ಕಾಕು. ಹಾಲು ಉಕ್ಕಿದರೂ ಆಕೆಗೆ ಅದು ದೇವರ ಇಚ್ಛೆ. "ಗ್ಯಾಸ್ ಸಣ್ಣ ಮಾಡಿದ್ರ ದೇವರ ಇಚ್ಛಾ ಬದಲಾಗ್ತಿತ್ತಲ್ಲ!" ಎಂದು ಕಾಕಾ ಒಲೆ ಒರೆಸುತ್ತಿದ್ದರು.

ಆ ಕಾಕುವಿನ ಕಣ್ಣಿಗೆ ಪೊರೆ ಬಂತು. ಚಹಾಕ್ಕೆ ಉಪ್ಪು ಬಿತ್ತು. ಬೆಕ್ಕು ಕೂತಿದೆಯೆಂದು ಕಾಕಾನ ಮಂಕಿ ಟೋಪಿಯ ಮುಂದೆ ಹಾಲಿಟ್ಟರು. ನಾವು ನಕ್ಕೆವು. ಇನ್ನೂ ತಡ ಮಾಡಿದರೆ ಕಣ್ಣೇ ಹೋದೀತು ಎಂದು ಡಾಕ್ಟರು ಹೇಳಿದಾಗ ನಗು ನಿಂತಿತು. ಕಾಕುವಿಗೋ ಆಪರೇಷನ್ ಎಂದರೆ ಜೀವಭಯ.

"ನನ್ನ ತವರಿನ ಹನುಮಪ್ಪ ಹೂಂ ಅಂದ್ರ ಮಾಡಸ್ಕೋತೀನಿ. ಇಲ್ಲಂದ್ರ ಕುರುಡಿ ಆಗೇ ಇರ್ತೀನಿ."

ತವರು ಕಮಲಾಪುರ. ಅಲ್ಲಿ ಹನುಮಪ್ಪನ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಬಿಳಿ ಹೂ ಅಂಟಿಸಿ ಪ್ರಸಾದ ಕೇಳುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ.

ಮೂವರೂ ಹೊರಟೆವು. ಬಸ್ಸಿನುದ್ದಕ್ಕೂ ಕಾಕಾನ ಪಾಠ. "ನೀರು ಆರಿದ್ರ ಹೂ ಬೀಳ್ತದ. ಇದರಾಗ ಹನುಮಪ್ಪಂದೇನದ?" ಗುಡಿಯಲ್ಲಿ ಪೂಜಾರಿ ಹೂ ಅಂಟಿಸಿದ್ದೇ ತಡ, ಕಾಕಾ ಗುಡುಗಿದರು: "ಫ್ಯಾನ್ ಬಂದ್ ಮಾಡ್ರಿ! ಗಾಳಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ!" ಪೂಜಾರಿ ಗೊಣಗುತ್ತ ಹೊರಗಿನ ಸ್ವಿಚ್ಚಿನ ಕಡೆ ಹೋದ.

"ನನಗ ಕಾಣಂಗಿಲ್ರೀ" ಎಂದರು ಕಾಕು, ಮುಗಿದ ಕೈ ಬಿಡದೆ. "ಯಾವುದು ಬಿತ್ತಂತ ನೀವೇ ಹೇಳ್ರಿ. ನೀವು ಸುಳ್ಳು ಹೇಳೋರಲ್ಲ."

ಆ ಮಾತು ನಿಜ. ಬೀಗರ ಮನೆಯ ಪಂಕ್ತಿಯಲ್ಲಿ ಕೂತು "ಹೋಳಿಗಿ ಸೀದು ಹೋಗ್ಯಾವ" ಎಂದ ಮಹಾನುಭಾವರು! ಈಗ ನೋಡಿದರೆ ಅವರ ಹಣೆ ಬೆವರಿತ್ತು. ತುಟಿ ಅಲುಗುತ್ತಿತ್ತು. ಅದು ಪ್ರಾರ್ಥನೆಯೋ ಗಣಿತವೋ, ಯಾರಿಗೆ ಗೊತ್ತು?

ಹೂ ಬಿತ್ತು. ಎಡಗಡೆಯದು!

"ಬಲಕ್ಕ ಬಿತ್ತು!" ಗುಡಿ ಅದುರುವಂತೆ ಕೂಗಿದರು ಕಾಕಾ. "ಬಲಕ್ಕ! ನಾ ಕಣ್ಣಾರೆ ನೋಡಿದೆ!"

ನಾನು ಬಾಯಿ ತೆರೆದೆ. ಅವರು ಒಂದು ಸಲ ಗುರಾಯಿಸಿದರು, ಮುಚ್ಚಿದೆ. ಜೀವಮಾನವೆಲ್ಲ ಪುರಾವೆ ಹುಡುಕಿದವರು ಅವತ್ತು ಪುರಾವೆ ಉಳಿಯಬಾರದೆಂದು ಬಲಗಡೆಯ ಹೂವನ್ನೂ ಕಿತ್ತು, ಎರಡನ್ನೂ ಹೆಂಡತಿಯ ಮುಡಿಗಿಟ್ಟರು. ಪೂಜಾರಿ ಬಂದಾಗ ಹನುಮಪ್ಪನ ಭುಜ ಬರಿದು!

ಕಲಬುರಗಿಯಲ್ಲಿ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಪಟ್ಟಿ ಬಿಚ್ಚಿದಾಗ ಕಾಕು ಮೊದಲು ನೋಡಿದ್ದು ಗಂಡನನ್ನು. "ಅಯ್ಯ, ಏನ್ರೀ ಇದು, ಇಷ್ಟು ಮುದುಕರಾಗೀರಿ!" ವಾರ್ಡಿಗೆ ವಾರ್ಡೇ ನಕ್ಕಿತು. ವಿಜ್ಞಾನ ಗೆದ್ದಿತೆಂದು ಕಾಕಾ ಪೇಢೆ ಹಂಚಿದರು. ಹನುಮಪ್ಪ ಗೆದ್ದನೆಂದು ಕಾಕು ಅದೇ ಡಬ್ಬಿಯಿಂದ ಇನ್ನೊಂದು ಸುತ್ತು ಹಂಚಿದರು. ನನಗಂತೂ ಎರಡೆರಡು ಪೇಢೆ!

ಮನೆಗೆ ಬಂದ ಮೇಲೆ ಒಂದು ದಿನ ಕಾಕುವಿನ ಕಣ್ಣಿಗೆ ಔಷಧದ ಹನಿ ಹಾಕುತ್ತಿದ್ದೆ. ಕಾಕಾ ಹೊರಗೆ ಹೋಗಿದ್ದರು. ಕಾಕು ಮೆಲ್ಲಗೆ ಹೇಳಿದರು: "ಅವತ್ತು ಎಡಕ್ಕ ಬಿದ್ದಿತ್ತು, ತಂಗಿ. ಕೆಂಪು ಸಿಂಧೂರದ ಮ್ಯಾಲೆ ಬಿಳಿ ಹೂ. ಅಷ್ಟು ಮಬ್ಬಮಬ್ಬ ಕಂಡಿತ್ತು ನನಗ."

ಹನಿಯ ಬಾಟಲಿ ಕೆಳಗಿಟ್ಟೆ. "ಮತ್ತ ಯಾಕ ಒಪ್ಪಿದ್ರಿ ಕಾಕು?"

"ಹುಟ್ಟಿದಾಗಿಂದ ಸುಳ್ಳಾಡದ ಮನುಷ್ಯಾರು ನನ್ನ ಸಲುವಾಗಿ ಆಡಿದ್ರಲ್ಲ. ಅವರ ಮಾತು ಹನುಮಪ್ಪ ನಡಸಿಕೊಡ್ತಾನ ಅಂತ ನಂಬಿದೆ." ಕಣ್ಣೊರೆಸಿಕೊಂಡು ನಕ್ಕರು. "ಅವರಿಗೆ ಹೇಳಬ್ಯಾಡ. ದಿನಾ ಮುಂಜಾನೆ ನಾ ಮಲಗೀನಂತ ತಿಳಕೊಂಡು, ದೇವರ ಮುಂದ ನಿಂತು 'ತಪ್ಪಾತು ಹನುಮಪ್ಪಾ, ಆಕಿ ಕಣ್ಣು ಕಾಯಿ' ಅಂತ ಕೈ ಮುಗೀತಾರ. ಈಗ ನನಗ ಎಲ್ಲಾ ಕಾಣ್ತದ."