ಗಾರೆ ಉದುರಿಸಿದ ಗಿಟಾರು

"ಸ್ವಲ್ಪ ಮೆತ್ತಗೆ ಮಾಡಿ ಸಾರ್, ನಮ್ಮನೆ ಗಾರೆ ಉದುರ್ತಾ ಇದೆ." ಕೆಳಗಿನ ಮನೆಯ ಟೈಲರಮ್ಮ ಬೆಳಿಗ್ಗೆ ಬೆಳಿಗ್ಗೆ ಬಂದು ಹೀಗೆ ಹೇಳಿ ಹೋದದ್ದೇ ತಡ, ಮೇಷ್ಟ್ರ ಮೈಯೆಲ್ಲ ಉರಿದುಹೋಯಿತು.

ಮೇಷ್ಟ್ರು ಎಂದರೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರು ಸ್ಟಿಯರಿಂಗ್ ಹಿಡಿದರೆ ಇವರು ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಬಳಿ ಜೋಡಿಸಿರುವ ಇನ್ನೊಂದು ಬ್ರೇಕನ್ನು ತುಳಿಯುತ್ತಾರೆ. ಊರಿನ ಅರ್ಧ ಜನರ ಪ್ರಾಣ ಉಳಿಸಿದ್ದು ತಮ್ಮ ಬಲಗಾಲು ಎಂದು ಅವರು ನಂಬಿದ್ದರು. ಅದರಲ್ಲಿ ಸುಳ್ಳೂ ಇರಲಿಲ್ಲ.

ತಲೆ ನೆರೆತ ಮೇಲೆ ಗಿಟಾರ್ ಹಿಡಿದದ್ದು ಹೆಂಡತಿಗಾಗಿ. ನರ್ಸಾಗಿದ್ದ ಆಕೆಗೆ ಅಂದು ಸಂಜೆ ಆಸ್ಪತ್ರೆಯಲ್ಲಿ ಬೀಳ್ಕೊಡುಗೆ. "ನಮ್ಮನೆಯವರು ಒಂದು ಹಾಡು ನುಡಿಸ್ತಾರೆ" ಎಂದು ಇಡೀ ವಾರ್ಡಿಗೆ ಸಾರಿಬಿಟ್ಟಿದ್ದಳು. ಆಸ್ಪತ್ರೆಯ ಒಂದು ಸಮಾರಂಭಕ್ಕೂ ಬಾರದ ಗಂಡನ ಬಗ್ಗೆ ಆಕೆ ಹೆಮ್ಮೆಪಟ್ಟು ಆಡಿದ ಮೊದಲ ಮಾತು ಅದು. ಹಾಗಾಗಿ ಆ ಹಾಡು ಕೈಗೆ ಬರಲೇಬೇಕಿತ್ತು. ಆದರೆ ಅರ್ಧಕ್ಕೆ ಬಂದಾಗ ಬೆರಳು ಯಾವುದೋ ತಂತಿಗೆ ಹೋಗುತ್ತಿತ್ತು.

"ಎಲ್ಲಿ ನೋಡ್ಕೊಂಡು ಹೋಗ್ತಿದೀಯ?" ಎಂದು ಬೆರಳನ್ನೇ ಗದರುತ್ತಿದ್ದರು. ತಪ್ಪಿದಾಗಲೆಲ್ಲ ತಲೆಯಿಂದ ಪಾದದವರೆಗೆ ಬಿಗಿದುಕೊಳ್ಳುತ್ತಿದ್ದರು.

ಗಾರೆಯ ಮಾತು ಕೇಳಿದ ಮೇಲೆ ಹಲ್ಲು ಕಚ್ಚಿಕೊಂಡು ಕಿಟಕಿಗಳನ್ನೆಲ್ಲ ಮುಚ್ಚಿದರು. ಅಷ್ಟರಲ್ಲಿ ಎದುರು ಮನೆಯ ಮಾಜಿ ಬ್ಯಾಂಕ್ ಮ್ಯಾನೇಜರು ಕರೆಯದೆಯೇ ಬಂದು ಕುರ್ಚಿ ಎಳೆದುಕೊಂಡರು.

"ಈ ವಯಸ್ಸಲ್ಲಿ ಬೆರಳು ಬಗ್ಗಲ್ಲ ಮೇಷ್ಟ್ರೇ. ಕೊಳಲು ಟ್ರೈ ಮಾಡಬಹುದಿತ್ತು."

"ನಿಮಗೆ ಕೊಳಲು ಬರುತ್ತಾ?"

"ನನಗೆ ಯಾವುದೂ ಬರಲ್ಲ. ಅದಕ್ಕೇ ನಾನು ಯಾರಿಗೂ ತೊಂದ್ರೆ ಕೊಡಲ್ಲ."

ಮೇಷ್ಟ್ರು ಗಿಟಾರ್ ಎತ್ತಿಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಮಧ್ಯಾಹ್ನ ಮತ್ತೆ ಟೈಲರಮ್ಮ. ಈ ಸಲ ಕೈಯಲ್ಲೊಂದು ಕರಿ ಕೋಟು, ಕೋಟಿನ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಪುಡಿ.

"ನೋಡಿ ಸಾರ್, ಗಿರಾಕಿಗೆ ಏನಂತ ಹೇಳ್ಲಿ?"

"ನಿಮ್ಮ ಮಿಷಿನ್ನು ದಿನವಿಡೀ ಗಡಗಡ ಅಂದಾಗ ನಾನು ಬಂದು ಕೇಳಿದ್ನಾ? ನಾನು ನುಡಿಸಿದ್ರೆ ಮಾತ್ರ ಗೋಡೆ ಬೀಳುತ್ತಾ? ಅಷ್ಟು ಕೆಟ್ಟದಾಗಿದೆಯಾ?"

ಆಕೆ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಬಾಗಿಲು ಹಾಕಿಯಾಗಿತ್ತು. ಹಾಕಿದ ರಭಸಕ್ಕೆ ಕೆಳಗೆ ಇನ್ನಷ್ಟು ಉದುರಿರಬೇಕು. ಕೋಪದಲ್ಲೇ ಗಿಟಾರಿನ ಹೊಟ್ಟೆಗೆ ಟವೆಲ್ ತುರುಕಿ, ಉಸಿರು ಬಿಗಿಹಿಡಿದು ನುಡಿಸಿದರು. ಶೀತವಾದವರ ದನಿಯಂತೆ ಹಾಡು ಹೊರಟಿತು. ತಪ್ಪಿತು. ಮತ್ತೆ ಹೊರಟಿತು, ಮತ್ತೆ ತಪ್ಪಿತು.

ಸಂಜೆ ಹೆಂಡತಿ ಸಿದ್ಧಳಾಗಿ ಕಾರಿನ ಕೀ ಹಿಡಿದು ಕಾಯುತ್ತಿದ್ದಾಗ, ಅದೇ ಮೊದಲ ಸಲ ಹಾಡು ಎಡವದೆ ಕೊನೆ ಮುಟ್ಟಿತು. ಮೇಷ್ಟ್ರ ಕಣ್ಣು ತುಂಬಿತು. ಟವೆಲ್ ಕಿತ್ತೆಸೆದು, ಗಿಟಾರ್ ಹಿಡಿದು ಹೊರಟು ಬಾಗಿಲು ತೆರೆದರೆ ಎದುರಿಗೆ ಟೈಲರಮ್ಮ, ಕೈಯಲ್ಲಿ ಒಡೆದ ಬಲ್ಬು.

"ಸ್ವಲ್ಪ ಹೊತ್ತಿಗೆ ಮುಂಚೆ ಲೈಟೂ ಕಳಚಿ ಬಿತ್ತು ಸಾರ್."

ಸಿಟ್ಟಿನಲ್ಲಿ ಮೇಷ್ಟ್ರಿಗೆ ಕಣ್ಣೇ ಕಾಣಲಿಲ್ಲ. "ತಗೊಳ್ಳಿ! ಇನ್ಮೇಲೆ ನೆಮ್ಮದಿಯಾಗಿರಿ!" ಎಂದು ಗಿಟಾರನ್ನು ಮೆಟ್ಟಿಲ ಕಂಬಿಗೆ ಎತ್ತಿ ಬಡಿದರು. ಅದು ಎರಡು ತುಂಡಾಗಿ ತಂತಿಗಳಲ್ಲಿ ನೇತಾಡಿತು.

ಟೈಲರಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ಗಿಟಾರ್ ಯಾಕೆ ಸಾರ್ ಒಡೆದ್ರಿ? ಗಿಟಾರ್ ಬಗ್ಗೆ ನಾನು ಒಂದು ಮಾತಾದ್ರೂ ಆಡಿದ್ನಾ? ನಮ್ಮತ್ತೆ ಕಿಟಕಿ ತೆಗೆದಿಟ್ಕೊಂಡು ಕೇಳ್ತಿದ್ರು. ನಾನು ಹೇಳಿದ್ದು ನಿಮ್ಮ ಕಾಲನ್ನ. ಹಾಡು ತಪ್ಪಿದಾಗೆಲ್ಲ ನೆಲಕ್ಕೆ ಧಡ್ ಅಂತ ಒದೀತೀರಲ್ಲ, ಅದನ್ನ."

"ನಾನಾ? ಒದೀತೀನಾ?" ಎಂದು ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಆಕೆ ನೇತಾಡುತ್ತಿದ್ದ ತುಂಡುಗಳನ್ನು ಒಮ್ಮೆ ನೋಡಿ, ಮುಖ ಗಂಟಿಕ್ಕಿಕೊಂಡು ದಡದಡ ಇಳಿದುಹೋದಳು.

ಕಾರನ್ನು ಆಕೆಯೇ ಓಡಿಸಿದಳು. ಮೇಷ್ಟ್ರು ಬರಿಗೈಯಲ್ಲಿ ಪಕ್ಕದ ಸೀಟಿನಲ್ಲಿ ಕೂತರು. ಆಸ್ಪತ್ರೆಯ ಗೇಟು ಬರುವವರೆಗೂ ಆಕೆ ಆಡಿದ್ದು ಒಂದೇ ಮಾತು, ಅದೂ ರಸ್ತೆಯಿಂದ ಕಣ್ಣು ಕೀಳದೆ:

"ಕಾಲು ತೆಗೀರಿ. ಅಲ್ಲಿ ಬ್ರೇಕ್ ಇಲ್ಲ."