ಮಗ್ಗದ ಮನೆಯಿಂದ ಹೊರಟ ಸ್ವಾಗತ

ಬುದ್ಧಿ ಹೇಳುವ ಚಟ ಬೀಡಿ ಸೇದುವ ಚಟಕ್ಕಿಂತ ಕೆಟ್ಟದ್ದು. ಬೀಡಿಯವನು ಎದ್ದು ಹೊರಗಾದರೂ ಹೋಗುತ್ತಾನೆ; ಬುದ್ಧಿ ಹೇಳುವವನು ನಡುಮನೆಯಲ್ಲೇ ಕೂತು ಎದುರಿಗಿದ್ದವರ ಮುಖಕ್ಕೇ ಬಿಡುತ್ತಾನೆ. ಈ ಚಟ ನನಗಿದೆ. ಆದರೆ ಮನೆಯಲ್ಲಿ ಗಿರಾಕಿಗಳಿಲ್ಲ. ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ಹೆಂಡತಿ ರತ್ನನಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ. ಹೀಗಿರುವಾಗ, ಲವ್‌ಬರ್ಡ್ಸ್ ಸಾಕುವವರ ವಾಟ್ಸಾಪ್ ಗುಂಪಿನ ಅಡ್ಮಿನ್ ಒಂದು ದಿನ, "ಹೊಸಬರನ್ನ ಸ್ವಾಗತ ಮಾಡಿ ನಾಲ್ಕು ಮಾತು ಹೇಳೋ ಕೆಲಸ ನೀವೇ ನೋಡ್ಕೊಳ್ಳಿ ಗುರುಗಳೇ" ಎಂದುಬಿಟ್ಟರು. ಪಂಚಾಯ್ತಿ ಅಧ್ಯಕ್ಷಗಿರಿ ಸಿಕ್ಕಿದ್ದರೂ ನಾನು ಅಷ್ಟು ಹಿಗ್ಗುತ್ತಿರಲಿಲ್ಲ.

ನಮ್ಮದು ದೊಡ್ಡಬಳ್ಳಾಪುರ. ಮನೆಯ ಮುಂಭಾಗದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ, ಅದರಾಚೆಗೆ ನಾವು. ಎರಡನೇ ಮಗ್ಗದ ಪಕ್ಕದ ಗೋಡೆಗೆ ನನ್ನ ಹಕ್ಕಿಗಳ ಪಂಜರ. ಬಂದ ನೆಂಟರು ಕಿವಿ ಮುಚ್ಚಿಕೊಂಡು "ಅಯ್ಯಪ್ಪಾ, ಏನ್ ಸದ್ದು!" ಎಂದರೆ ನಾವು "ಯಾವ ಸದ್ದು?" ಎಂದು ನಿಜವಾಗಿಯೂ ಕೇಳುತ್ತೇವೆ. ಹುಟ್ಟಿದಾಗಿನಿಂದ ಕೇಳಿದ್ದು ಕಿವಿಗೆ ಬೀಳುವುದೇ ಇಲ್ಲ. ಇದರ ಇನ್ನೊಂದು ಫಲವೆಂದರೆ, ಮಗ್ಗದ ಮನೆಯವರು ಗುಟ್ಟು ಹೇಳಿದರೂ ಮುಂದಿನ ಬೀದಿಗೆ ಕೇಳಿಸುತ್ತದೆ. ನನ್ನ ದಪ್ಪ ಬೆರಳಿಗೆ ಫೋನಿನಲ್ಲಿ ಅಕ್ಷರ ಒತ್ತಲು ಬರುವುದಿಲ್ಲ. ಹಾಗಾಗಿ ಮಗ್ಗದ ಮುಂದೆ ನಿಂತೇ ಸ್ವಾಗತವನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸುತ್ತಿದ್ದೆ. ಮೊದಲ ವಾರವೇ ಮೂವರು ಹೊಸಬರು ಗುಂಪು ಬಿಟ್ಟರು. ಅವರಲ್ಲಿ ಹೊಸಕೋಟೆಯವನೊಬ್ಬ ಅಡ್ಮಿನ್ನಿಗೆ ಫೋನ್ ಮಾಡಿ, "ಸಾರ್, ನಾನೇನ್ ತಪ್ಪು ಮಾಡ್ದೆ? ಆವಯ್ಯ ಯಾಕಂಗೆ ಬೈತಾರೆ?" ಎಂದನಂತೆ. ನಾನು ಹೇಳಿದ್ದು ಇಷ್ಟೇ: "ಬನ್ನಿ, ಬನ್ನಿ, ನೀವು ಬಂದಿದ್ದು ತುಂಬಾ ಸಂತೋಷ."

ಹೆದರದೆ ಉಳಿದವರು ತೂಬಗೆರೆಯ ಜಯಮ್ಮ. ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುವವರು. ದೊಡ್ಡಬಳ್ಳಾಪುರದ ಯಾರದೋ ಮಗ್ಗದ ಮನೆಯಿಂದ ಒಂದು ಜೋಡಿ ಹಕ್ಕಿ ಕೊಂಡು ಹೋಗಿ, ರಾಜ, ರಾಣಿ ಎಂದು ಹೆಸರಿಟ್ಟಿದ್ದರು. ಗುಂಪಿಗೆ ಸೇರಿದ ದಿನವೇ ಅಳುದನಿಯಲ್ಲಿ ಹೇಳಿದರು: "ಅಣ್ಣಾ, ನಾಲ್ಕು ದಿನ ಆಯ್ತು, ಎರಡು ಕಾಳು ಕುಕ್ಕಿ ಬಿಟ್ಬಿಡ್ತವೆ. ಮೂಲೇಲಿ ಮುದುರ್ಕೊಂಡು ಕೂತಿರ್ತವೆ. ಡಾಕ್ಟ್ರಿಗೆ ತೋರ್ಸಿದ್ರೆ ಕಾಯಿಲೆ ಏನೂ ಇಲ್ಲ ಅಂದ್ರು. ಸತ್ತೋಗ್ತವೇನೋ ಅಂತ ನಂಗೂ ಅನ್ನ ಇಳೀತಿಲ್ಲ."

ಗುಂಪು ಎದ್ದು ಕೂತಿತು. ಒಬ್ಬರು ಕೊತ್ತಂಬರಿ ಸೊಪ್ಪು ಕೊಡಿ ಎಂದರು, ಒಬ್ಬರು ದೃಷ್ಟಿ ತೆಗೀರಿ ಎಂದರು. ನಾನು ಎಲ್ಲರನ್ನೂ ಸುಮ್ಮನಿರಿಸಿ, ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದೆ. "ನೋಡಮ್ಮಾ, ಹಕ್ಕಿಗೆ ಬೇಕಾಗಿರೋದು ನಿಶ್ಶಬ್ದ! ಪಂಜರ ಒಳರೂಮಲ್ಲಿಡಿ. ಟೀವಿ ಬೇಡ, ಕುಕ್ಕರ್ ಬೇಡ, ಹೊಲಿಗೆ ಮಿಷನ್ ಅಂತೂ ಮುಟ್ಲೇಬೇಡಿ. ನಿಶ್ಶಬ್ದ!" ಇದು ಎಲ್ಲೋ ಓದಿದ್ದು, ಹೇಳುವಾಗ ನನ್ನದೇ ಅನ್ನಿಸಿತು.

ಪಾಪ, ಆ ಹೆಣ್ಣುಮಗಳು ಹೇಳಿದ್ದನ್ನೆಲ್ಲ ಮಾಡಿದರು. ಮಿಷನ್ನಿಗೆ ಬಟ್ಟೆ ಹೊದಿಸಿದರು. ಮದುವೆ ಮನೆಯ ರವಿಕೆಗಳು ಹಾಗೇ ಬಿದ್ದವು. ಎರಡು ದಿನ ಕಳೆದವು. "ಇನ್ನೂ ಸೊರಗ್ತಾ ಅವೆ ಅಣ್ಣಾ. ರಾಣಿ ಕಣ್ಣೇ ಬಿಡ್ತಿಲ್ಲ" ಎಂದು ಮೆಸೇಜ್ ಬಂತು. ನಂಬಿ ಬಂದ ಹೊಸಬಳು. ನನ್ನ ಮಾತು ಕೇಳಿ ಕೆಲಸ ನಿಲ್ಲಿಸಿ ಕೂತಿದ್ದಾಳೆ. ಆ ಹಕ್ಕಿ ಸತ್ತರೆ ನಾನು ಯಾವ ಮುಖ ಇಟ್ಟುಕೊಂಡು ಇನ್ನೊಬ್ಬರಿಗೆ "ಬನ್ನಿ" ಎನ್ನಲಿ? ಆ ದಿನ ರತ್ನ ಬಡಿಸಿದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆ.

ಮಾರನೆಯ ಬೆಳಿಗ್ಗೆ ಜಯಮ್ಮನೇ ಫೋನ್ ಮಾಡಿದರು. "ಅಣ್ಣಾ, ತಿಂತಾವೆ! ನೀವೇನ್ ಹೇಳಿದ್ರಿ ಅಂತ ಇನ್ನೊಂದ್ಸಲ ಕೇಳೋಣ ಅಂತ ನಿಮ್ ಮೆಸೇಜ್ ಸ್ಪೀಕರಲ್ಲಿ ಹಾಕ್ದೆ. ಎರಡೂ ಪಟ್ಟಂತ ಇಳಿದು ನವಣೆಗೆ ಬಾಯಿ ಹಾಕಿದ್ವು! ನಿಮ್ಮದು ಮುಗೀತಿದ್ದಂಗೆ ಮತ್ತೆ ಮೂಲೆಗೆ ಹೋದ್ವು. ಹತ್ತು ಸಲ ಹಾಕಿ ನೋಡಿದೀನಿ."

ನನ್ನ ಎದೆ ಉಬ್ಬಿತು. ಕೆಲವರ ಕಂಠದಲ್ಲಿ ಅಂಥ ಗುಣವಿರುತ್ತದೆ ಎಂದು ಓಡಿಹೋಗಿ ರತ್ನನಿಗೆ ಹೇಳಿದೆ. ಅವಳು ನೂಲು ಸುತ್ತುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. "ನಿಮ್ ಕಂಠ ಅಲ್ಲ ಕಣ್ರೀ, ಹಿಂದುಗಡೆ ಮಗ್ಗ! ಮಗ್ಗದ ಮನೇಲಿ ಹುಟ್ಟಿದ ಹಕ್ಕೀನ ತಗೊಂಡೋಗಿ ಗವಿಯಲ್ಲಿ ಕೂರಿಸಿದ್ರೆ ಪ್ರಪಂಚಾನೇ ಮುಳುಗೋಯ್ತು ಅನ್ಕೊಂಡಿರ್ತವೆ. ನಮ್ಮನೆ ಹಕ್ಕಿ ಎಲ್ಲಿ ಅವೆ, ತಿರುಗಿ ನೋಡ್ರೀ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!"

ತಿರುಗಿ ನೋಡಿದೆ. ಮಗ್ಗದಿಂದ ಒಂದೂವರೆ ಮೊಳ ದೂರದಲ್ಲಿ ನನ್ನ ಹತ್ತೂ ಹಕ್ಕಿಗಳು ಹಬ್ಬದೂಟ ಮಾಡುತ್ತಿದ್ದವು. ಮಗ್ಗದ ಮುಂದೆ ನಿಂತು "ನಿಶ್ಶಬ್ದ" ಎಂದು ಕಿರುಚಿದ ಮಹಾನುಭಾವ ನಾನು. ತಕ್ಷಣ ಜಯಮ್ಮನಿಗೆ ಫೋನ್ ಮಾಡಿ, ತಪ್ಪು ನನ್ನದೇ ಎಂದು ಒಪ್ಪಿಕೊಂಡು, ಪಂಜರವನ್ನು ಹೊಲಿಗೆ ಮಿಷನ್ ಪಕ್ಕದಲ್ಲೇ ಇಟ್ಟುಕೊಳ್ಳಿ ಎಂದೆ. ಆಕೆಗೆ ಬೇಜಾರಾಗಲಿಲ್ಲ, ನಕ್ಕರು. ಆಮೇಲೆ ಸ್ವಲ್ಪ ತಡವರಿಸಿ, "ಅಣ್ಣಾ, ತಪ್ಪು ತಿಳ್ಕೋಬೇಡಿ" ಎಂದರು. "ಮಿಷನ್ ಸದ್ದು ರೂಢಿ ಆಗೋಗಂಟ ಹಾಕೋಕೆ ಒಂದು ಮೆಸೇಜ್ ಬೇಕು. ಇದ್ರಲ್ಲಿ ನೀವು ಮಧ್ಯೆ ಉಸಿರು ತಗೊಂಡಾಗ ತಿಂತವೆ, ಮಾತಾಡ್ದಾಗೆಲ್ಲ ಬೆಚ್ಚಿಬಿದ್ದು ಬಿಡ್ತವೆ. ನೀವು ಮಾತಾಡ್ದೇ ಇರೋದು ಒಂದು ಕಳಿಸ್ತೀರಾ?"

ಹತ್ತು ನಿಮಿಷ, ಫೋನನ್ನು ಮಗ್ಗದ ಕಡೆ ಹಿಡಿದುಕೊಂಡು ತುಟಿ ಹೊಲಿದುಕೊಂಡವನ ಹಾಗೆ ನಿಂತೆ. ನಾಲಿಗೆಯ ತುದಿಗೆ ಎಷ್ಟೋ ಒಳ್ಳೆಯ ಸಲಹೆಗಳು ಬಂದು ಹಿಂದಿರುಗಿದವು. ಈಗ ರಾಜ ರಾಣಿ ದುಂಡಗಾಗಿವೆ, ಜಯಮ್ಮನ ರವಿಕೆಗಳು ಮದುವೆ ಮನೆ ಸೇರಿವೆ. ಗುಂಪಿನಲ್ಲಿ ಎಲ್ಲರೂ ಆ ಮೆಸೇಜನ್ನು ಹೊಗಳಿದ್ದೇ ಹೊಗಳಿದ್ದು; ನನ್ನ ಇಷ್ಟು ದಿನದ ಸೇವೆಯಲ್ಲಿ ಅದೇ ಅತ್ಯುತ್ತಮವಂತೆ. ಸಂಜೆ ರತ್ನ ಕಾಫಿ ಲೋಟ ಕೈಗಿಡುತ್ತಾ ಮೆಲ್ಲಗೆ ಕೇಳಿದಳು: "ರೀ, ಅದನ್ನ ನಂಗೂ ಒಂದು ಕಳ್ಸಿ."